ನೋಡುವ ಎನ್ನದ ಮನುಷ್ಯ

ಮೊನ್ನೆ ಔಷಧಿ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಫೋನ್ ತೆಗೆದು ನೋಡಿದರೆ ನಮ್ಮ ಹಳೆಯ ಆಫೀಸಿನ ವಿಳಾಸಕ್ಕೆ ಒಂದು ಇಮೇಲ್ ಬಂದಿತ್ತು. ಆಫೀಸು ಮುಚ್ಚಿದರೂ ಆ ವಿಳಾಸ ಮಾತ್ರ ನನ್ನ ಫೋನಿನಲ್ಲಿ ಹಾಗೇ ಉಳಿದುಕೊಂಡಿದೆ. ನೀವು ಸಲ್ಲಿಸಿದ್ದ ಕೋರಿಕೆಯಲ್ಲಿ ಬಹಳ ಕಾಲದಿಂದ ಯಾವ ಚಟುವಟಿಕೆಯೂ ಕಾಣದ್ದರಿಂದ ಅದನ್ನು ಮುಚ್ಚಲಾಗಿದೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಮನುಷ್ಯರು ಬರೆದದ್ದಲ್ಲ, ಯಂತ್ರವೇ ಕಳಿಸಿದ್ದು. ಕೋರಿಕೆ ಸಲ್ಲಿಸಿದವರು ಈ ವರ್ಷ ಮಳೆ ಹಿಡಿಯುವ ಮೊದಲೇ ತೀರಿಕೊಂಡಿದ್ದಾರೆ. ಸತ್ತವರು ಇನ್ನೆಂಥ ಚಟುವಟಿಕೆ ತೋರಿಸಬೇಕಿತ್ತೋ ನನಗೆ ತಿಳಿಯದು. ಸಿಟ್ಟಿನಿಂದ ಅದನ್ನು ಅಳಿಸಿಹಾಕಲು ಹೋದೆ, ಕೈ ಬರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರುಗಳ ಕಾರಣಕ್ಕೆ ಅವರು ಅನುಭವಿಸಿದ್ದು ಸಾಕಷ್ಟಾಗಿದೆ.

ಮೂಡಿಗೆರೆ, ಕಳಸದ ಕಡೆಯ ನಮಗೆ 'ಆಗುವುದಿಲ್ಲ' ಎನ್ನಲು ಬಾಯಿ ಬರುವುದಿಲ್ಲ. ಕೇಳಿದವರ ಮುಖ ಸಣ್ಣದಾಗುವುದನ್ನು ನೋಡಲಾರದ ಜನ ನಾವು. ಅದಕ್ಕೇ 'ನೋಡುವ' ಎನ್ನುತ್ತೇವೆ. ಒಂದು ದಿನಕ್ಕೆ ಜೀಪು ಕೊಡ್ತೀರಾ ಎಂದರೆ ನೋಡುವ. ನಿಮ್ಮ ಹುಡುಗಿಯನ್ನು ನಮ್ಮ ಮನೆಗೆ ಕೊಡ್ತೀರಾ ಎಂದರೂ ನೋಡುವ. ಕೇಳಿದವರಿಗೆ ಅರ್ಥವಾಗುತ್ತದೆ. ಕೊಟ್ಟ ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ ಎದ್ದು ಹೋಗುತ್ತಾರೆ. ಬಯಲುಸೀಮೆಯಿಂದ ವರ್ಗವಾಗಿ ಬಂದವರು ಮಾತ್ರ ಇದನ್ನು ನಿಜವೆಂದು ನಂಬಿ ವಾರಗಟ್ಟಲೆ ಕಾಯುತ್ತಾರೆ, ಆಮೇಲೆ ಇಲ್ಲಿಯವರು ಮಾತಿಗೆ ತಪ್ಪುವವರು ಎಂದು ಬೈಯುತ್ತಾರೆ. ನಾವು ಮಾತು ಕೊಟ್ಟಿದ್ದರಲ್ಲವೇ ತಪ್ಪುವುದು!

ಇಂಥ ಊರಿನಲ್ಲಿ ಅವರು ಒಬ್ಬರು ಇದ್ದರು. ಹುಟ್ಟಿ ಬೆಳೆದದ್ದು ಹೊರನಾಡಿನ ಹತ್ತಿರವೇ, ಆದರೆ 'ನೋಡುವ' ಎಂಬುದು ಅವರ ಬಾಯಲ್ಲಿ ಇರಲಿಲ್ಲ. ಮದುವೆಯ ಕಾಗದ ಹಿಡಿದು ಬಂದವರ ಎದುರಿಗೇ ತಾರೀಖು ನೋಡಿ, "ಬರ್ಲಿಕ್ಕೆ ಆಗಲ್ಲ, ಒಳ್ಳೇದಾಗ್ಲಿ" ಎನ್ನುತ್ತಿದ್ದರು. ಬಂದವರು ಹೊಸ್ತಿಲು ದಾಟುವ ಮೊದಲೇ ಬೈದುಕೊಳ್ಳುತ್ತಿದ್ದರು. ಆದರೂ ಮೊದಲ ಕಾಗದ ಅವರಿಗೇ ಹೋಗುತ್ತಿತ್ತು. ಅಡುಗೆಯವರಿಗೆ ಎಲೆ ಲೆಕ್ಕ ಕೊಡುವಾಗ ಖಾತ್ರಿಯಾಗಿ ಹೇಳಬಹುದಾದದ್ದು ಅವರೊಬ್ಬರದ್ದೇ. ಕಾಫಿ ತೋಟದ ಮನೆಗಳಲ್ಲಿ ಕುಳಿತು ಕಾಫಿ ಬೇಡ ಎನ್ನುವ ಧೈರ್ಯವಿದ್ದದ್ದೂ ಅವರಿಗೇ. ಅವರು ಕುಡಿಯುತ್ತಿದ್ದದ್ದು ಬಿಸಿನೀರು.

'ಆಗಲ್ಲ' ಎನ್ನುವುದಕ್ಕೆ ಮುಂಚೆ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿಕೊಳ್ಳುವುದು ಅವರ ಅಭ್ಯಾಸ. ಕೈ ಕನ್ನಡಕಕ್ಕೆ ಹೋಯಿತೆಂದರೆ ಆಫೀಸಿನಲ್ಲಿ ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು.

ಪ್ರಾಯದಲ್ಲಿ ಕುದುರೆಮುಖದ ಗಣಿ ಕಂಪನಿಯ ಕಂಪ್ಯೂಟರ್ ಕೋಣೆಯಲ್ಲಿ ಕೆಲಸಕ್ಕಿದ್ದರು. ಗಣಿ ನಿಲ್ಲುತ್ತದೆ ಎಂಬ ಸುದ್ದಿ ಬಂದಾಗ ಅಕ್ಕಪಕ್ಕದ ಕ್ವಾರ್ಟರ್ಸಿನವರೆಲ್ಲ ಸಂಜೆ ಕಟ್ಟೆಯ ಮೇಲೆ ಸೇರಿ "ಅಷ್ಟು ಸುಲಭಕ್ಕೆ ನಿಲ್ತದಾ? ನೋಡುವ" ಎನ್ನುತ್ತಿದ್ದರಂತೆ. ಆಗಿನ್ನೂ ಇವರೂ ಅದನ್ನೇ ಅಂದರು. ಮನೆಗೆ ಬಣ್ಣ ಹೊಡೆಸಿದರು, ಅಂಗಳದಲ್ಲಿ ಸೇವಂತಿಗೆ ನೆಟ್ಟರು. ಗಣಿ ನಿಂತೇ ನಿಂತಿತು. ಇವರು ನೆಟ್ಟದ್ದರಲ್ಲಿ ಮೊಗ್ಗು ಬರುವ ಹೊತ್ತಿಗೆ ಬೀದಿಯಲ್ಲಿ ಹೂ ಕೇಳುವ ಹೆಂಗಸರೇ ಉಳಿದಿರಲಿಲ್ಲ. "ಆಗಲ್ಲ ಅಂತ ನಮಗೆ ನಾವೇ ಹೇಳ್ಕೊಂಡಿದ್ರೆ ಒಂದು ವರ್ಷ ಮೊದಲೇ ಬೇರೆ ದಾರಿ ಹಿಡೀಬಹುದಿತ್ತು ಮಾರಾಯ್ತಿ" ಎಂದು ನನ್ನ ಹತ್ತಿರ ಒಮ್ಮೆ ಹೇಳಿದ್ದರು. ಆಮೇಲೆ ಮೂಡಿಗೆರೆಗೆ ಬಂದು ಬಾಡಿಗೆ ಕೋಣೆ ಹಿಡಿದು ಕಂಪ್ಯೂಟರ್ ರಿಪೇರಿಗೆ ಕುಳಿತರು. ಅಲ್ಲೂ ಅದೇ ಕಥೆ. "ಇದು ಸತ್ತಿದೆ, ತಗೊಂಡು ಹೋಗಿ" ಎಂದರೆ ಗಿರಾಕಿಗಳಿಗೆ ಬೇಸರ. ಪಕ್ಕದ ಅಂಗಡಿಯವನು "ನೋಡುವ, ಬಿಟ್ಟು ಹೋಗಿ" ಎಂದು ತಿಂಗಳುಗಟ್ಟಲೆ ಇಟ್ಟುಕೊಂಡು, ಕೊನೆಗೂ ರಿಪೇರಿಯಾಗದೆ ಹಿಂದಕ್ಕೆ ಕೊಟ್ಟರೂ ಜನ ಅವನ ಹತ್ತಿರವೇ ಹೋಗುತ್ತಿದ್ದರು. ಇವರ ಅಂಗಡಿ ಹೆಚ್ಚು ಕಾಲ ನಡೆಯಲಿಲ್ಲ.

ನಾನು ಅವರನ್ನು ಕಂಡದ್ದು ಆನೆ ಆಫೀಸಿನಲ್ಲಿ. ಹಾಗೆಂದು ಹೆಸರಿಟ್ಟದ್ದು ಊರಿನವರು. ಕೆಲವು ಬೆಳೆಗಾರರು ಸೇರಿ ಒಂದು ಸಣ್ಣ ಸಂಸ್ಥೆ ಮಾಡಿದ್ದರು. ತೋಟಗಳಿಗೆ ಆನೆ ಇಳಿಯುವುದು ಹೆಚ್ಚಾಗಿ, ಬೆಳಿಗ್ಗೆ ಕೆಲಸಕ್ಕೆ ಹೊರಟ ಆಳುಗಳು ದಾರಿಯಲ್ಲೇ ಸಿಕ್ಕಿಬೀಳುತ್ತಿದ್ದ ಕಾಲ. ಆನೆಯ ಹಿಂದೆ ತಿರುಗುವ ವಾಚರುಗಳು ನಮಗೆ ಫೋನ್ ಮಾಡಿ ಎಲ್ಲಿದೆ ಎಂದು ಹೇಳುವುದು, ನಾನು ಅದನ್ನು ಕಂಪ್ಯೂಟರಿಗೆ ಹಾಕಿ ಆ ಜಾಗ ಆರಿಸಿ ಬಟನ್ ಒತ್ತುವುದು, ಆ ಜಾಗದವರ ಫೋನುಗಳಿಗೆಲ್ಲ ಮೆಸೇಜು ಹೋಗುವುದು. ಕೆಲಸ ಇಷ್ಟೇ. ಅದನ್ನು ನಡೆಸುವ ಪ್ರೋಗ್ರಾಂ ಬರೆದವರು ಅವರು.

ಒಂದೊಂದು ಜಾಗಕ್ಕೂ ಅವರು ಒಂದೊಂದು ರೆಪಾಸಿಟರಿ ಮಾಡಿದ್ದರು. ನನಗೆ ಆ ಪದ ನಾಲಗೆಗೆ ಹತ್ತದಿದ್ದಾಗ "ಕಣಜ ಅನ್ನು, ಸಾಕು" ಎಂದರು. ಆ ಜಾಗದ ಫೋನ್ ನಂಬರುಗಳು, ಹಳ್ಳ, ಕಾಲುದಾರಿ, ಗೇಟುಗಳ ಹೆಸರು ಎಲ್ಲ ಅದರೊಳಗೆ. ಯಾರು ಯಾವತ್ತು ಏನು ತಿದ್ದಿದರು ಎಂಬುದನ್ನು ಅದು ಮರೆಯುವುದಿಲ್ಲ. ತಪ್ಪಾದರೆ ನಿನ್ನೆಯದಕ್ಕೆ, ಮೊನ್ನೆಯದಕ್ಕೆ ಹಿಂತಿರುಗಬಹುದು. "ಇದೊಂದರಲ್ಲಿ ಮಾತ್ರ ಹಿಂದಕ್ಕೆ ಹೋಗ್ಲಿಕ್ಕೆ ಆಗ್ತದೆ ನೋಡು" ಎಂದು ಹೇಳುವಾಗ ಅವರ ಮುಖದಲ್ಲಿ ಅಪರೂಪಕ್ಕೆ ನಗು ಕಂಡಿದ್ದೆ.

ದೊಡ್ಡ ಎಸ್ಟೇಟುಗಳ ಕಣಜಗಳಿಗೆಲ್ಲ ಇಂಗ್ಲಿಷ್ ಹೆಸರು. ಅವುಗಳ ನಂಬರು ತಿದ್ದುವವರು ಅಲ್ಲಿ ಲೆಕ್ಕ ಬರೆಯುವ ರೈಟರುಗಳು. ಆಳುಗಳ ಸಾಲುಮನೆಗಳಿಗೆ, ಅಂದರೆ ಕೂಲಿ ಲೈನುಗಳಿಗೆ, ಅಂಥವರು ಯಾರೂ ಇರಲಿಲ್ಲ. ನೀರುಕಟ್ಟೆಯ ಲೈನಿನಿಂದ ಒಬ್ಬ ಹೆಂಗಸು ಮುಂದೆ ಬಂದಳು. ಕಾಫಿ ಕೊಯ್ಯುವವಳು, ನನಗಿಂತ ಸ್ವಲ್ಪ ದೊಡ್ಡವಳು, ಮಾತು ಜೋರು. ಸಂತೆಯ ದಿನ ಗಂಡನನ್ನೂ ಎಳೆದುಕೊಂಡು ಆಫೀಸಿಗೆ ಬಂದು, "ನಮ್ಮ ಲೈನಿಂದು ನಾನು ನೋಡ್ಕೊಳ್ತೇನೆ ಸಾರ್. ಹೊಸಬ್ರು ಬಂದ್ರೆ ನಂಬರ್ ಹಾಕ್ತೇನೆ, ಬಿಟ್ಟು ಹೋದೋರ್ದು ತೆಗೀತೇನೆ. ಆದ್ರೆ ಇಂಗ್ಲಿಷ್ ನಂಗೆ ಬರೂದಿಲ್ಲ. ಫೋನಲ್ಲಿ ನಮ್ಮೂರ ಹೆಸ್ರು ಕನ್ನಡದಲ್ಲಿ ಕಾಣೋ ಹಾಗೆ ಮಾಡಿಕೊಡ್ತೀರಾ?" ಎಂದಳು.

ಅವರ ಕೈ ಕನ್ನಡಕಕ್ಕೆ ಹೋಯಿತು. ಒರೆಸಿದರು. ಮತ್ತೆ ಹಾಕಿಕೊಂಡು "ಆಗ್ತದೆ" ಎಂದರು.

ನಾನು ತಲೆ ಎತ್ತಿ ನೋಡಿದೆ. ಅವರು ಹಾಗೆ ಅಂದದ್ದು ಅಷ್ಟು ಅಪರೂಪ. ಆ ವಾರವೇ ಮಾಡಿಯೂ ಕೊಟ್ಟರು. ಕಣಜಕ್ಕೆ ನೀರುಕಟ್ಟೆ ಎಂದೇ ಹೆಸರು, ಕನ್ನಡದ ಅಕ್ಷರದಲ್ಲಿ. ಅವಳು ತನ್ನ ಫೋನಿನಲ್ಲಿ ಅದನ್ನು ತೆರೆದು ಬೆರಳಿಟ್ಟು ಓದಿ, ಗಂಡನಿಗೆ ತೋರಿಸಿದಳು. ಇದನ್ನು ಕೇಳಿ ಇನ್ನಷ್ಟು ಲೈನುಗಳವರು ಬಂದರು. ಕಳಸದ ದಾರಿಯ ಕರಿಗುಡ್ಡೆಯದೂ ಹಾಗೆ ಆದದ್ದೇ. ಇಂಥ ಹೆಸರನ್ನು ಎಲ್ಲ ಯಂತ್ರಗಳೂ ಸಹಿಸುವುದಿಲ್ಲ, ಎಲ್ಲಾದರೂ ಒಂದು ಕಡೆ ತಕರಾರು ಬರಬಹುದು ಎಂದು ಅವರಿಗೆ ಗೊತ್ತಿತ್ತು. "ನಮ್ಮ ಸರ್ವರಿನಲ್ಲಿ ಇರೋವರೆಗೆ ತೊಂದ್ರೆ ಇಲ್ಲ" ಎನ್ನುತ್ತಿದ್ದರು.

ನಮ್ಮ ಸರ್ವರಿನಲ್ಲಿ ಅದು ಹೆಚ್ಚು ಕಾಲ ಇರಲಿಲ್ಲ. ಸಂಸ್ಥೆಯ ಅಧ್ಯಕ್ಷರಿಗೆ ಪರಿಚಯದವರೊಬ್ಬರು ತಮ್ಮ ಸರ್ವರಿನಲ್ಲಿ ಪುಕ್ಕಟೆ ಜಾಗ ಕೊಡುತ್ತೇವೆ ಎಂದರು. ಅಧ್ಯಕ್ಷರು ದೊಡ್ಡ ಮನುಷ್ಯರು, ಅದರಲ್ಲಿ ಎರಡು ಮಾತಿಲ್ಲ. ಅಂಗಡಿ ಮುಚ್ಚಿ ಖಾಲಿ ಕೂತಿದ್ದ ಇವರನ್ನು ಮನೆಗೆ ಕರೆದು ಕೆಲಸ ಕೊಟ್ಟವರು. ಗದರಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಇವರು ಅವರೆದುರು ಕುಳಿತು, "ಅಲ್ಲಿಯ ವ್ಯವಸ್ಥೆ ಬೇರೆ. ಕನ್ನಡದ ಹೆಸರುಗಳು ಎಂಥ ಆಗ್ತವೋ ಗೊತ್ತಿಲ್ಲ. ಈ ಕೊಯ್ಲು ಮುಗಿಯೋವರೆಗೆ ಹಳೇದೂ ಜೊತೆಗೇ ನಡೀಲಿ. ಒಂದೊಂದೇ ತೆಗೆದು ಪರೀಕ್ಷೆ ಮಾಡ್ತೇನೆ" ಎಂದು ಕೇಳಿಕೊಂಡರು.

"ಆಯ್ತಲ್ಲ, ನೋಡುವ" ಎಂದರು ಅಧ್ಯಕ್ಷರು. ಕಾಫಿ ತರಿಸಿದರು.

ಇಲ್ಲೇ ನನಗೆ ಇವತ್ತಿಗೂ ಅರ್ಥವಾಗದ್ದು. ಊರಿನವರ ಅಷ್ಟೂ 'ನೋಡುವ'ಗಳನ್ನು ಕ್ಷಣದಲ್ಲಿ 'ಇಲ್ಲ' ಎಂದು ತಿಳಿದುಕೊಂಡು ಬೈಯುತ್ತಿದ್ದ ಮನುಷ್ಯ ಅವತ್ತು ಅದನ್ನು 'ಹೌದು' ಎಂದುಕೊಂಡು ಎದ್ದು ಬಂದರು. ಕೆಲಸ ಕೊಟ್ಟವರ ಮೇಲಿನ ಗೌರವವೋ, ಕೇಳಿದ್ದು ಅಷ್ಟು ನ್ಯಾಯವಾಗಿದೆ ಎಂಬ ನಂಬಿಕೆಯೋ ಏನೋ. "ಒಪ್ಪಿದ್ರು ಮಾರಾಯ್ತಿ" ಎಂದು ನನಗೆ ಹೇಳಿದರು. ನಾನೂ ಸರಿ ಎಂದುಕೊಂಡೆ.

ಎಲ್ಲವನ್ನೂ ಹೊಸ ಕಡೆಗೆ ಸಾಗಿಸಿದರು. ಪ್ರತಿಯೊಂದರ ಮುಂದೆಯೂ ಹಸಿರು ಗುರುತು ಬಂತು, ಎಲ್ಲ ಸುಸೂತ್ರ ಎಂದು. ಹೇಗೂ ಹಳೆಯದು ಜೊತೆಗೇ ಓಡುತ್ತಿದೆಯಲ್ಲ ಎಂದು ದೊಡ್ಡ ಎಸ್ಟೇಟುಗಳಿಂದ ಪರೀಕ್ಷೆ ಶುರು ಮಾಡಿದರು. ಲೈನುಗಳ ಸರದಿ ಬರುವ ಮೊದಲೇ, ಇವರಿಗೆ ಒಂದು ಮಾತೂ ತಿಳಿಸದೆ, ಅಧ್ಯಕ್ಷರು ಹಳೆಯ ಸರ್ವರನ್ನು ನಿಲ್ಲಿಸಿ ಒರೆಸಿಹಾಕಿದ್ದರು.

ಹೊಸ ಯಂತ್ರಕ್ಕೆ ಕನ್ನಡದ ಅಕ್ಷರ ಬೇಡವಾಗಿತ್ತು. ಬೇಡ ಎಂದು ಹೇಳಿದ್ದರೆ ಕಥೆ ಬೇರೆಯಾಗುತ್ತಿತ್ತು. ಅದು ಹೇಳಲಿಲ್ಲ. ಹೆಸರಿನ ಒಂದೊಂದು ಅಕ್ಷರದ ಜಾಗದಲ್ಲೂ ಒಂದೊಂದು ಅಡ್ಡಗೆರೆ ಎಳೆದು ಹಸಿರು ಗುರುತು ಹಾಕಿತು. ಯಂತ್ರದ ಲೆಕ್ಕಕ್ಕೆ ನೀರುಕಟ್ಟೆ, ಕರಿಗುಡ್ಡೆ ಎರಡೂ ಒಂದೇ ಉದ್ದದ ಹೆಸರು, ಒಂದೇ ಉದ್ದದ ಗೆರೆ. ಮೊದಲು ನೀರುಕಟ್ಟೆ ಹೋಗಿ ಕುಳಿತಿತು. ಹಿಂದಿನಿಂದ ಬಂದ ಕರಿಗುಡ್ಡೆಯೂ ಅದೇ ಗೆರೆಯ ಮೇಲೆ ಕುಳಿತು ಅದನ್ನು ಅಳಿಸಿತು. ನನ್ನ ಪರದೆಯ ಮೇಲೆ ಮಾತ್ರ ಎರಡೂ ಹೆಸರು ಮೊದಲಿನ ಹಾಗೇ ಕಾಣುತ್ತಿದ್ದವು.

ಕೊಯ್ಲಿನ ದಿನ. ಬೆಳಿಗ್ಗೆ ವಾಚರು ಫೋನ್ ಮಾಡಿ ನೀರುಕಟ್ಟೆ ಹಳ್ಳದ ಪಕ್ಕ ಒಂಟಿ ಸಲಗ ನಿಂತಿದೆ ಎಂದ. ನಾನು ನೀರುಕಟ್ಟೆಯನ್ನು ಆರಿಸಿ ಬಟನ್ ಒತ್ತಿದೆ. ಹೋಯಿತು ಎಂದು ತೋರಿಸಿತು. ಅವರು ಪಕ್ಕದ ಮೇಜಿನಲ್ಲಿ ಬಿಸಿನೀರು ಕುಡಿಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಕರಿಗುಡ್ಡೆಯಿಂದ ಯಾರೋ ಒಬ್ಬರು ಫೋನ್ ಮಾಡಿ ನಗುತ್ತ, "ಎಂಥದಕ್ಕಾ ಇದು, ನೀರುಕಟ್ಟೆ ಆನೆ ಕಟ್ಕೊಂಡು ನಾವೆಂತ ಮಾಡುದು?" ಎಂದರು. ಫೋನಿನ ಸ್ಪೀಕರ್ ಹಾಕಿತ್ತು. ಲೋಟ ಕೆಳಗಿಟ್ಟು ಅವರು ಪರದೆಯ ಹತ್ತಿರ ಬಂದರು. ಕೀಲಿಗಳನ್ನು ಒಂದೆರಡು ಸಲ ಒತ್ತಿ ನೋಡಿದರು, ಅಷ್ಟೆ. ಆಮೇಲೆ ತಮ್ಮ ಫೋನ್ ತೆಗೆದು ನೀರುಕಟ್ಟೆಯ ಆ ಹೆಂಗಸಿಗೆ ಹಚ್ಚಿದರು. ಫೋನ್ ರಿಂಗಾಯಿತು. ಮತ್ತೆ ಮತ್ತೆ ಹಚ್ಚಿದರು, ಪ್ರತಿ ಸಲವೂ ರಿಂಗಾಯಿತು.

ಅವಳು ಲೈನಿನಿಂದ ಎಲ್ಲರಿಗಿಂತ ಮುಂದೆ ಹೊರಟಿದ್ದಳಂತೆ. ಹಿಂದೆ ಬರುತ್ತಿದ್ದವರು ಕೂಗು ಕೇಳಿ ಓಡಿ ಉಳಿದುಕೊಂಡರು. ಅವಳ ಫೋನ್ ಕೈಚೀಲದಲ್ಲೇ ಇತ್ತು, ಒಡೆದಿರಲಿಲ್ಲ. ಅದರಲ್ಲಿ ಇವರ ಮಿಸ್ ಕಾಲುಗಳಿದ್ದವು. ಮೆಸೇಜು ಇರಲಿಲ್ಲ.

ಅಧ್ಯಕ್ಷರು ಮಾರನೆಯ ವಾರ ಸಭೆ ಕರೆದರು. "ನಾನು ಯಾರನ್ನೂ ದೂರೂದಿಲ್ಲ. ಆದ್ರೆ ಕನ್ನಡದಲ್ಲೇ ಹೆಸರಿಡೋ ಹಟ ಯಾಕೆ ಬೇಕಿತ್ತು ಹೇಳಿ?" ಎಂದು ಮೆತ್ತಗೆ ಕೇಳಿದರು. ಅಲ್ಲಿದ್ದವರೆಲ್ಲ ತಲೆಯಾಡಿಸಿದರು. ಹಳೆಯದನ್ನು ನಿಲ್ಲಿಸಿದ್ದು ಯಾರು ಎಂದು ನಾನು ಬಾಯಿ ತೆರೆದೆ. ಇವರು ಕಣ್ಣಿನಲ್ಲೇ ಬೇಡ ಎಂದರು. ಹೊರಗೆ ಬಂದ ಮೇಲೆ, "ಅವರು ಒಪ್ಪಿರ್ಲೇ ಇಲ್ಲ ಮಾರಾಯ್ತಿ. ನೋಡುವ ಅಂದಿದ್ರು. ಕೇಳಿಸ್ಕೊಂಡೋನು ನಾನು, ಈ ಕಡೇಲೇ ಹುಟ್ಟಿದೋನು" ಎಂದರು. ಅದಕ್ಕಿಂತ ಹೆಚ್ಚಿಗೆ ಆ ವಿಷಯ ಅವರು ಯಾವತ್ತೂ ಮಾತಾಡಲಿಲ್ಲ. ಎಲ್ಲ ಸರಿಹೋಗುವವರೆಗೆ ಲೈನುಗಳಿಗೆ ಮೆಸೇಜು ಕಳಿಸುವುದು ಬೇಡ ಎಂದು ಸಭೆಯಲ್ಲಿ ತೀರ್ಮಾನವಾಯಿತು. ಎಸ್ಟೇಟುಗಳಿಗೆ ಮಾತ್ರ ಹೋಗುತ್ತಿತ್ತು. ಮತ್ತೆ ಯಾವಾಗ ಶುರು ಎಂದು ಇವರು ಕೇಳಿದಾಗಲೆಲ್ಲ ಅಧ್ಯಕ್ಷರು ಏನು ಹೇಳುತ್ತಿದ್ದರೆಂದು ಬೇರೆ ಬರೆಯಬೇಕಾಗಿಲ್ಲ.

ಆಮೇಲೆ ಇವರು ಹಿಡಿದದ್ದು ಒಂದೇ ಕೆಲಸ. ಆ ಸರ್ವರಿನ ಸಾಫ್ಟ್‌ವೇರ್ ಮಾಡಿದವರಿಗೆ, ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಕಾಣುವ ಅವರ ಪುಟದಲ್ಲಿ, ಕೋರಿಕೆ ಬರೆದರು. ನಿಘಂಟು ಪಕ್ಕಕ್ಕಿಟ್ಟುಕೊಂಡು ಇಂಗ್ಲಿಷಿನಲ್ಲಿ ಬರೆದು, ನನಗೆ ಕನ್ನಡದಲ್ಲಿ ಓದಿ ಹೇಳಿದರು. ನಮ್ಮ ಅಕ್ಷರ ತೆಗೆದುಕೊಳ್ಳಿ ಎಂದು ನಾನು ಕೇಳುತ್ತಿಲ್ಲ. ನಿಮ್ಮಿಂದ ಆಗದಿದ್ದರೆ ಆಗುವುದಿಲ್ಲ ಎಂದು ಜೋರಾಗಿ ಹೇಳಿ, ಅಲ್ಲೇ ನಿಲ್ಲಿಸಿ. ಗೆರೆ ಎಳೆದು ಒಪ್ಪಿಕೊಂಡ ಹಾಗೆ ತೋರಿಸಬೇಡಿ. ಅದನ್ನು ನಂಬಿಕೊಂಡು ಜನ ದಾರಿಯಲ್ಲಿ ನಡೆಯುತ್ತಿರುತ್ತಾರೆ. ಇಷ್ಟೇ ಇದ್ದದ್ದು. ಅದರ ಕೆಳಗೆ ಯಾವ್ಯಾವುದೋ ದೇಶದವರು ನಮ್ಮ ಹೆಸರುಗಳಿಗೂ ಹೀಗೇ ಆಯಿತು ಎಂದು ಬರೆದರು. ಸಾಫ್ಟ್‌ವೇರ್ ಮಾಡಿದವರಿಂದಲೂ ಉತ್ತರ ಬಂತು, ಒಳ್ಳೆಯ ಸಲಹೆ, ಮುಂದೆ ಪರಿಶೀಲಿಸುತ್ತೇವೆ ಎಂದು.

ಅವರು ಓದಿ ನಕ್ಕುಬಿಟ್ಟರು. ಆ ಸಾವಿನ ನಂತರ ನಕ್ಕದ್ದು ಅದೊಂದೇ ಸಲ. "ಅಲ್ಲೂ ನಮ್ಮೂರೋರೇ ಇದಾರೆ ಕಣೇ" ಎಂದರು. ಆದರೂ ಬಿಡಲಿಲ್ಲ. ಆ ಕೋರಿಕೆ ಮುಚ್ಚಿಹೋಗಬಾರದೆಂದು ಆಗಾಗ ಹೋಗಿ ಒಂದು ಸಾಲು ಸೇರಿಸಿ ಬರುತ್ತಿದ್ದರು. ಸಾಫ್ಟ್‌ವೇರಿನಲ್ಲಿ ಬದಲಾಯಿಸಬೇಕಾದ ಭಾಗವನ್ನು ತಾವೇ ಬರೆದೂ ಕಳಿಸಿದರು. ಅದನ್ನು ಯಾರೂ ತೆರೆದು ನೋಡಿದ ಹಾಗೆ ಕಾಣಲಿಲ್ಲ.

ಇದರ ನಡುವೆ ನೀರುಕಟ್ಟೆಯಲ್ಲಿ ತೀರಿಕೊಂಡವಳ ಗಂಡ ಸಂತೆಗೆ ಬಂದಾಗಲೆಲ್ಲ ಆಫೀಸಿಗೆ ಬರುತ್ತಿದ್ದ. ಜಗಳಕ್ಕಲ್ಲ. ಬೆಂಚಿನ ಮೇಲೆ ಚೀಲ ಇಟ್ಟು, "ನಮ್ಮ ಲೈನಿಗೆ ಶುರು ಆಯ್ತಾ ಸಾರ್?" ಎಂದು ಕೇಳುವನು. ಅವರು ಕನ್ನಡಕ ಒರೆಸಿ "ಇಲ್ಲ, ಸದ್ಯಕ್ಕೆ ಆಗಲ್ಲ" ಎನ್ನುವರು. ಅವನು ಚೀಲ ಎತ್ತಿಕೊಂಡು ಹೋಗುವನು. ಅವನಿಗೆ ಅವರ ಮೇಲೆ ಸಿಟ್ಟಿದ್ದದ್ದನ್ನು ನಾನು ಕಾಣಲಿಲ್ಲ. ಇದ್ದಿದ್ದರೇ ಅವರಿಗೆ ಹಗುರವಾಗುತ್ತಿತ್ತೋ ಏನೋ.

ಆಮೇಲೆ ಆಫೀಸೇ ಮುಚ್ಚಿತು. ಸಂಸ್ಥೆಯಲ್ಲಿದ್ದವರಿಗೆ ಆಸಕ್ತಿ ಇಳಿದಿತ್ತು. ಕಂಪ್ಯೂಟರುಗಳನ್ನು ಅಧ್ಯಕ್ಷರ ಗೋದಾಮಿಗೆ ಹಾಕಿದರು. ನಾನು ಔಷಧಿ ಅಂಗಡಿಗೆ ಸೇರಿದೆ. ಅವರಿಗೆ ಮೂತ್ರಪಿಂಡದ ಕಾಯಿಲೆ ಜೋರಾಯಿತು. ಚಿಕ್ಕಮಗಳೂರಿಗೆ ಡಯಾಲಿಸಿಸ್‌ಗೆ ಹೋಗಿ ಬಂದು, ಉಳಿದ ದಿನ ಮೂಡಿಗೆರೆಯ ಅದೇ ಬಾಡಿಗೆ ಕೋಣೆಯಲ್ಲಿ ಮಲಗಿರುತ್ತಿದ್ದರು. ನಾನು ಮಧ್ಯಾಹ್ನ ಊಟದ ಬಿಡುವಿನಲ್ಲಿ ಗಂಜಿ ಕೊಂಡುಹೋಗುತ್ತಿದ್ದೆ. ಬೇಡವಾದ ದಿನ ಬೇಡ ಎಂದೇ ಹೇಳುತ್ತಿದ್ದರು, ನನ್ನ ಮನಸ್ಸಿಗಾಗಿ ಒಂದು ಚಮಚ ಕುಡಿಯುವ ಪದ್ಧತಿ ಇಲ್ಲ.

ಅಂಥದೇ ಒಂದು ಮಧ್ಯಾಹ್ನ ಆ ಗಂಡ ಕೋಣೆ ಹುಡುಕಿಕೊಂಡು ಬಂದ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಮಂಚದ ಹತ್ತಿರ ನೆಲದ ಮೇಲೆ ಕುಳಿತ. ಆರೋಗ್ಯ ವಿಚಾರಿಸಿದ. ಆಮೇಲೆ ಹೇಳಿದ: "ಮಗಳು ಈ ವರ್ಷದಿಂದ ಕೊಯ್ಲಿಗೆ ಹೋಗ್ತಾ ಇದಾಳೆ ಸಾರ್. ಅದೇ ದಾರಿ. ಬೇರೆ ದಾರೀಲಿ ಹೋಗು ಅಂತೇನೆ, ದೂರ ಆಗ್ತದೆ ಅಂತಾಳೆ. ನೀವು ಹುಷಾರಾದ ಮೇಲೆ ಆ ಮೆಸೇಜಿಂದು ಒಂದು ಮಾಡಿಕೊಡ್ತೀರಾ?"

ಅವರ ಕೈ ಕನ್ನಡಕಕ್ಕೆ ಹೋಯಿತು. ಅಂಗಿಯ ಚುಂಗು ಹುಡುಕಿ ಒರೆಸತೊಡಗಿದರು. ಬೆರಳುಗಳಲ್ಲಿ ಬಲ ಇರಲಿಲ್ಲ. ಮುಂದಿನ ಮಾತು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು, ಕೇಳಿಸಿಕೊಳ್ಳಲು ತಯಾರಾಗಿ ತಲೆ ತಗ್ಗಿಸಿಯೇ ಕುಳಿತಿದ್ದ. ಅವರು ಕನ್ನಡಕ ಹಾಕಿಕೊಂಡರು. ಅವನ ನೆತ್ತಿಯನ್ನೇ ಬಹಳ ಹೊತ್ತು ನೋಡಿದರು.

"ನೋಡುವ" ಎಂದರು.

ನನಗೆ ಅಳು ಬಂತು. ಅವರ ಶಕ್ತಿಯೆಲ್ಲ ಮುಗಿಯಿತು ಎಂದು ನನಗೆ ತಿಳಿದದ್ದು ಆಗ. ಅವನು ಮಾತ್ರ ತಲೆ ಎತ್ತಿ, ಕೈಮುಗಿದು ಎದ್ದ. ಮೆಟ್ಟಿಲಿನವರೆಗೆ ಅವನ ಹಿಂದೆಯೇ ಹೋಗಿ ನಾನು ನೇರವಾಗಿ ಹೇಳಿದೆ: "ಅಣ್ಣ, ಅದು ಆಗೂದಿಲ್ಲ. ಆಫೀಸಿಲ್ಲ, ಕಂಪ್ಯೂಟರ್ ಇಲ್ಲ. ಸಾರ್ ಏಳೂದಿಲ್ಲ. ಮಗಳನ್ನ ಆ ದಾರೀಲಿ ಕಳಿಸ್ಬೇಡ."

"ನಿಮಗೆ ಗೊತ್ತಿಲ್ಲ ಅಕ್ಕಾ" ಎಂದ, ನನ್ನನ್ನೇ ಸಮಾಧಾನ ಮಾಡುವವನ ಹಾಗೆ. "ಎಲ್ಲರ ಹಂಗೆ ಅಲ್ಲ ಇವ್ರು. ಆಗಲ್ಲ ಅಂದ್ರೆ ಆಗಲ್ಲ ಅಂತ ಮುಖಕ್ಕೇ ಹೇಳೋರು. ನಂಗೆ ಎಷ್ಟು ಸರ್ತಿ ಹೇಳಿದಾರೆ. ಇವತ್ತು ನೋಡುವ ಅಂದ್ರಲ್ಲ."

ಅದಾಗಿ ಹೆಚ್ಚು ದಿನ ಅವರು ಬದುಕಲಿಲ್ಲ. ಗೋದಾಮಿನ ಕಂಪ್ಯೂಟರುಗಳು ಗುಜರಿಗೆ ಹೋದವು. ಕೋರಿಕೆಗೆ ಸಾಲು ಸೇರಿಸುವವರು ಇಲ್ಲವಾದರು. ನನಗೆ ಅದರಲ್ಲಿ ಬರೆಯುವುದು ಹೇಗೆಂದು ತಿಳಿಯದು.

ಇಮೇಲ್ ಬಂದ ವಾರದ ಸಂತೆಯಲ್ಲಿ ಅವನು ಅಂಗಡಿಗೆ ಬಂದಿದ್ದ, ಜ್ವರದ ಮಾತ್ರೆಗೆ. ಮಗಳು ಹೇಗಿದ್ದಾಳೆ ಎಂದೆ. ಕೊಯ್ಲಿಗೆ ಹೋಗುತ್ತಿದ್ದಾಳೆ, ಅದೇ ದಾರಿ ಎಂದ. ನಾನು ಮತ್ತೆ ಹೇಳಿದೆ, ಸಾರ್ ಹೋಗಿಬಿಟ್ಟರಲ್ಲ, ಇನ್ನು ಮೆಸೇಜು ಎಲ್ಲಿಂದ ಬರಬೇಕು, ಯಾರು ಕಳಿಸಬೇಕು ಎಂದು.

"ಹೋಗೋ ಮೊದಲು ಮಾಡಿಟ್ಟೇ ಹೋಗಿರ್ತಾರೆ ಅಕ್ಕಾ" ಎಂದ. ಮಾತ್ರೆಯ ಪೊಟ್ಟಣವನ್ನು ಕಿಸೆಗೆ ಹಾಕಿಕೊಂಡ. "ಅವಳ ಅಮ್ಮನ ಫೋನೇ ಕೊಟ್ಟು ಕಳಿಸ್ತೇನೆ. ಸಾರ್ ಹತ್ರ ಇದ್ದಿದ್ದು ಆ ನಂಬರೇ ಅಲ್ವಾ."